ಪಾರುಪತ್ಯಗಾರನ ಸರಪಳಿ: ಚಿಕ್ಕಮಗಳೂರಿನ ಒಂದು ತರಗತಿಯಲ್ಲಿ ‘ಟ್ವೆಲ್ಫ್ತ್ ನೈಟ್’

ಷೇಕ್ಸ್‌ಪಿಯರನ ‘ಟ್ವೆಲ್ಫ್ತ್ ನೈಟ್’ ನಾಟಕದ ಎರಡನೆಯ ಅಂಕದ ಐದನೆಯ ದೃಶ್ಯವನ್ನು ನಮ್ಮ ತರಗತಿಯಲ್ಲಿ ಮೊದಲ ಸಲ ತೆರೆಯ ಮೇಲೆ ತೋರಿಸಿದಾಗ ಯಾರೂ ನಗಲಿಲ್ಲ. ಲಂಡನ್ನಿನ ಗ್ಲೋಬ್ ರಂಗಮಂದಿರದ ಪ್ರೇಕ್ಷಕರು ಮಾತ್ರ ಸ್ಪೀಕರಿನೊಳಗಿಂದ ಮೇಲಿಂದ ಮೇಲೆ ನಗುತ್ತಿದ್ದರು. ಇಲ್ಲಿ 22 ಮಂದಿ ವಿದ್ಯಾರ್ಥಿಗಳು ಕತ್ತು ತುಸು ಎತ್ತಿ, ಬಸ್ ನಿಲ್ದಾಣದಲ್ಲಿ ಬೋರ್ಡು ಓದುವವರ ಹಾಗೆ, ತೆರೆಯ ಕೆಳಭಾಗವನ್ನು ಓದುತ್ತಿದ್ದರು. ನಾಲ್ಕು ಶತಮಾನಗಳಿಂದ ಜನರನ್ನು ನಗಿಸುತ್ತ ಬಂದ ದೃಶ್ಯವೊಂದು ನನ್ನ ತರಗತಿಯಲ್ಲಿ ಏಕೆ ಸತ್ತುಹೋಯಿತು ಎಂಬ ಪ್ರಶ್ನೆಯ ಬೆನ್ನು ಹತ್ತಿ ಮುಂದಿನ ಕೆಲವು ವಾರಗಳಲ್ಲಿ ನಾವು ಮಾಡಿದ ಕೆಲಸದ ವಿವರ ಇಲ್ಲಿದೆ.

ತರಗತಿಯ ಹಿನ್ನೆಲೆ

ವಿದ್ಯಾರ್ಥಿಗಳೆಲ್ಲರೂ ಚಿಕ್ಕಮಗಳೂರಿನಲ್ಲಿ ಬಿ.ಎ. ಓದುತ್ತ ಐಚ್ಛಿಕ ಇಂಗ್ಲಿಷನ್ನು ಆಯ್ದುಕೊಂಡವರು. ಹೆಚ್ಚಿನವರು ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಕಲಿತವರು. ಆಲ್ದೂರು, ಮೂಡಿಗೆರೆ, ಬಾಳೆಹೊನ್ನೂರು, ಕೊಪ್ಪದ ಕಡೆಯಿಂದ ಬಂದವರು ಅರ್ಧದಷ್ಟಿದ್ದರೆ ಉಳಿದವರು ಕಡೂರು, ತರೀಕೆರೆಯ ಬಯಲುಸೀಮೆಯವರು. ಇವರಿಗೆ ನಾಟಕ ಹೊಸದೇನಲ್ಲ. ಕೊಪ್ಪದ ಕಡೆಯವರು ಯಕ್ಷಗಾನವನ್ನು ಬೆಳಗಿನ ಜಾವದವರೆಗೆ ಕುಳಿತು ನೋಡಿದವರು. ಕಡೂರಿನ ಕಡೆಯವರ ಊರುಗಳಲ್ಲಿ ಇಂದಿಗೂ ಹಾರ್ಮೋನಿಯಂ ಮೇಷ್ಟ್ರನ್ನು ಕರೆಸಿ ತಿಂಗಳುಗಟ್ಟಲೆ ತಾಲೀಮು ನಡೆಸಿ ‘ಕುರುಕ್ಷೇತ್ರ’ ಆಡುತ್ತಾರೆ. ಟೆಂಪೆಸ್ಟ್ ನಾಟಕವನ್ನು ‘ಬಿರುಗಾಳಿ’ಯಾಗಿ, ಹ್ಯಾಮ್ಲೆಟ್ಟನ್ನು ‘ರಕ್ತಾಕ್ಷಿ’ಯಾಗಿ ಕನ್ನಡಕ್ಕೆ ತಂದ ಕುವೆಂಪು ಹುಟ್ಟಿದ್ದು ಇದೇ ಜಿಲ್ಲೆಯ ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ ಎಂಬುದನ್ನು ನೆನೆದರೆ, ಷೇಕ್ಸ್‌ಪಿಯರ್ ಈ ಮಣ್ಣಿಗೆ ಪರಕೀಯನೆಂದು ಹೇಳುವಂತೆಯೂ ಇಲ್ಲ. ಪರಕೀಯವಾಗಿದ್ದುದು ಪುಸ್ತಕ. ಪುಟದ ಮುಕ್ಕಾಲು ಭಾಗವನ್ನು ಅಡಿಟಿಪ್ಪಣಿಗಳು ತಿಂದಿರುವ ಆ ಪುಸ್ತಕವನ್ನು ಕಂಡು ಎಲ್ಲರೂ ಮೊದಲ ವಾರವೇ ಗೈಡಿಗೆ ಮೊರೆಹೋಗಿದ್ದರು.

ಕಥೆಯನ್ನು ಇಲ್ಲಿ ಬೇಕಾದಷ್ಟೇ ಹೇಳುತ್ತೇನೆ. ಹಡಗು ಒಡೆದು ಇಲಿರಿಯಾ ಎಂಬ ನಾಡಿನ ದಡ ಸೇರಿದ ವಯೋಲಾ ಗಂಡುವೇಷ ಧರಿಸಿ ಅಲ್ಲಿನ ದೊರೆ ಓರ್ಸಿನೋನ ಸೇವೆಗೆ ಸೇರುತ್ತಾಳೆ. ಅವನು ಪ್ರೀತಿಸುವ ಶ್ರೀಮಂತ ಹೆಣ್ಣುಮಗಳು ಒಲಿವಿಯಾ; ಅವಳೋ ಗಂಡುವೇಷದ ವಯೋಲಾಳಿಗೇ ಮನಸೋಲುತ್ತಾಳೆ. ಇದು ಮೇಲಿನ ಕಥೆ. ಕೆಳಗಿನ ಕಥೆ ಒಲಿವಿಯಾಳ ಮನೆಯೊಳಗಿನದು. ಅಲ್ಲಿ ಅವಳ ಬಂಧು ಸರ್ ಟೋಬಿ ಕುಡಿದು ಗಲಾಟೆ ಮಾಡುತ್ತಾನೆ. ಮನೆಯ ಪಾರುಪತ್ಯಗಾರ ಮಾಲ್ವೋಲಿಯೋ ಅದನ್ನು ತಡೆಯುತ್ತಾನೆ. ಸೇಡಿಗಾಗಿ ಮರಿಯಾ ಎಂಬ ಪರಿಚಾರಿಕೆ ಯಜಮಾನಿಯ ಕೈಬರಹವನ್ನು ಅನುಕರಿಸಿ ಪ್ರೇಮಪತ್ರವೊಂದನ್ನು ಬರೆದು ಅವನ ದಾರಿಯಲ್ಲಿ ಬೀಳಿಸುತ್ತಾಳೆ. ಮೂವರು ಗಿಡದ ಮರೆಯಲ್ಲಿ ಅವಿತು ನೋಡುತ್ತಿರುವಾಗ ಅವನು ಅದನ್ನು ಓದಿ ಉಬ್ಬಿಹೋಗುತ್ತಾನೆ. ನಮ್ಮಲ್ಲಿ ಯಾರೂ ನಗದಿದ್ದುದು ಈ ದೃಶ್ಯಕ್ಕೆ.

ನನ್ನ ಬಳಿ ಎರಡು ಡಿವಿಡಿಗಳಿದ್ದವು. ಒಂದು 2012ರಲ್ಲಿ ಗ್ಲೋಬ್ ರಂಗಮಂದಿರದಲ್ಲಿ ಚಿತ್ರೀಕರಿಸಿದ ಪ್ರದರ್ಶನ. ಅದರಲ್ಲಿ ಎಲ್ಲ ಪಾತ್ರಗಳನ್ನೂ ಗಂಡಸರೇ ಮಾಡಿದ್ದಾರೆ, ಮಾರ್ಕ್ ರೈಲನ್ಸ್ ಒಲಿವಿಯಾ, ಸ್ಟೀಫನ್ ಫ್ರೈ ಮಾಲ್ವೋಲಿಯೋ. ಇನ್ನೊಂದು ಟ್ರೆವರ್ ನನ್ ನಿರ್ದೇಶನದ 1996ರ ಚಲನಚಿತ್ರ. ಅದರಲ್ಲಿ ನೈಜೆಲ್ ಹಾಥಾರ್ನ್ ಮಾಲ್ವೋಲಿಯೋ. ವಿದ್ಯಾರ್ಥಿಗಳಿಗೂ ಸಿಬ್ಬಂದಿಗೂ ಸೀಮಿತವಾಗಿ ಪಾಠದ ಅಂಗವಾಗಿ ಹೀಗೆ ತೋರಿಸುವುದಕ್ಕೆ 1957ರ ಕೃತಿಸ್ವಾಮ್ಯ ಕಾಯ್ದೆಯ 52ನೆಯ ಕಲಮಿನಲ್ಲಿ ಅವಕಾಶವಿದೆ.

ಅಡಿಬರಹ ಮಾಡಿದ ಅನಾಹುತ

ಮೊದಲ ಪ್ರದರ್ಶನದ ಮರುದಿನ ಯಾರು ಏನು ನೋಡಿದಿರಿ ಎಂದು ಕೇಳಿದೆ. ಉತ್ತರಗಳೆಲ್ಲ ಮಾತಿನ ಕುರಿತಾಗಿದ್ದವು. ಒಬ್ಬರೂ ನಟನ ಮುಖದ, ಕೈಯ, ನಡಿಗೆಯ ವಿಷಯ ಎತ್ತಲಿಲ್ಲ. ಆಗ ಅದೇ ಹತ್ತು ನಿಮಿಷವನ್ನು ನಾನೊಬ್ಬಳೇ ಮನೆಯಲ್ಲಿ ಮತ್ತೆ ಹಾಕಿಕೊಂಡು, ಈ ಸಲ ತೆರೆಯ ಕೆಳಗೆ ಮೂಡುವ ಇಂಗ್ಲಿಷ್ ಅಡಿಬರಹದ ಮೇಲೇ ಕಣ್ಣಿಟ್ಟು ನೋಡಿದೆ. ಕಾರಣ ಅಲ್ಲೇ ಇತ್ತು. ಈ ದೃಶ್ಯದ ಹಾಸ್ಯ ನಿಂತಿರುವುದು ಅಡ್ಡಮಾತಿನ ಮೇಲೆ: ಮಾಲ್ವೋಲಿಯೋ ತನ್ನ ಕನಸಿನ ಒಂದು ವಾಕ್ಯವನ್ನು ಅರ್ಧ ಹೇಳಿ ಉಸಿರೆಳೆದುಕೊಳ್ಳುತ್ತಾನೆ, ಆ ಬಿಡುವಿನಲ್ಲಿ ಗಿಡದ ಮರೆಯಿಂದ ಟೋಬಿ ಬೈಯುತ್ತಾನೆ, ಜೊತೆಯವನು ಅವನ ಬಾಯಿ ಮುಚ್ಚಿಸುತ್ತಾನೆ, ಮಾಲ್ವೋಲಿಯೋ ಏನೂ ಕೇಳದವನಂತೆ ಮುಂದುವರಿಯುತ್ತಾನೆ. ಅಡಿಬರಹವಾದರೋ ಮಾಲ್ವೋಲಿಯೋನ ಸಾಲನ್ನೂ ಟೋಬಿಯ ಬೈಗುಳವನ್ನೂ ಒಂದರ ಕೆಳಗೊಂದು ಒಟ್ಟಿಗೇ ತಂದಿಡುತ್ತದೆ. ನಟ ಬಾಯಿ ತೆರೆಯುವ ಮೊದಲೇ ಓದುಗನಿಗೆ ಉತ್ತರ ಗೊತ್ತಾಗಿರುತ್ತದೆ. ಒಗಟು ಹೇಳುವವನ ಪಕ್ಕದಲ್ಲಿ ಕುಳಿತವನು ಉತ್ತರವನ್ನು ಪಿಸುಗುಟ್ಟುತ್ತಿದ್ದರೆ ಯಾರಿಗೆ ತಾನೇ ನಗು ಬರುತ್ತದೆ?

ಅಡಿಬರಹವಿಲ್ಲದೆ ಆ ಇಂಗ್ಲಿಷು ನಮ್ಮವರಿಗೆ ಅರ್ಥವಾಗುವುದಿಲ್ಲ ಎಂಬುದೂ ಅಷ್ಟೇ ನಿಜ. ನನಗೇ ಕೆಲವೆಡೆ ಕಷ್ಟವಾಗುತ್ತದೆ. ಹಾಗಾಗಿ ಓದುವ ಕೆಲಸವನ್ನೂ ನೋಡುವ ಕೆಲಸವನ್ನೂ ಬೇರೆಬೇರೆ ಮಾಡಲು ನಿರ್ಧರಿಸಿದೆ. ಮೂರು ತರಗತಿಗಳಲ್ಲಿ ವೀಡಿಯೊ ಮುಟ್ಟದೆ ದೃಶ್ಯವನ್ನು ಓದಿ, ಪ್ರತಿಯೊಬ್ಬರೂ ತಮ್ಮ ಊರಿನ ಕನ್ನಡದಲ್ಲಿ ಅದರ ಮಾತುಗಳನ್ನು ಬರೆದು ತರಬೇಕೆಂದು ಹೇಳಿದೆ. ಗೈಡು ನೋಡಿ ಬರೆದವರು ಸುಲಭವಾಗಿ ಸಿಕ್ಕಿಬಿದ್ದರು, ಏಕೆಂದರೆ ಟೋಬಿಯ ಬೈಗುಳಗಳು ಗೈಡಿನಲ್ಲಿರುವುದಿಲ್ಲ.

ಈ ಓದಿನಲ್ಲಿಯೇ ಒಂದು ಮುಖ್ಯ ಸಂಗತಿ ಹೊರಬಂತು. ಮಾಲ್ವೋಲಿಯೋ ತಾನು ಒಲಿವಿಯಾಳ ಗಂಡನಾದಂತೆ, ‘ಕೌಂಟ್ ಮಾಲ್ವೋಲಿಯೋ’ ಆದಂತೆ, ಮದುವೆಯಾಗಿ ಮೂರು ತಿಂಗಳಾಗಿ ಕಸೂತಿಯ ಮಖಮಲ್ಲಿನ ನಿಲುವಂಗಿ ತೊಟ್ಟು ಆಳುಕಾಳುಗಳನ್ನು ಕರೆಸಿಕೊಳ್ಳುತ್ತಿರುವಂತೆ ಹಗಲುಗನಸು ಕಾಣುವುದು ಕಾಗದ ಸಿಗುವ ಮೊದಲು, ಸಿಕ್ಕ ಮೇಲಲ್ಲ. ಗೈಡಿನಲ್ಲಿ ‘ಪತ್ರ ಓದಿ ಮೋಸಹೋಗುತ್ತಾನೆ’ ಎಂದಿರುವುದರಿಂದ ಎಲ್ಲರೂ ಕನಸು ಪತ್ರದಿಂದ ಹುಟ್ಟಿತೆಂದೇ ತಿಳಿದಿದ್ದರು. ಮರಿಯಾ ಅವನೊಳಗೆ ಹೊಸದೇನನ್ನೂ ಬಿತ್ತಲಿಲ್ಲ; ಇದ್ದ ಬೀಜಕ್ಕೆ ನೀರು ಹಾಯಿಸಿದಳು.

ಮಳೆ ಬಂದ ದಿನ

ಎರಡನೆಯ ಪ್ರದರ್ಶನವನ್ನು ಅಡಿಬರಹ ತೆಗೆದು ನಡೆಸಬೇಕೆಂದಿದ್ದೆ. ಆದರೆ ಅದು ಜುಲೈ. ಪ್ರೊಜೆಕ್ಟರ್ ಇರುವ ಕೋಣೆಯ ಮಾಡು ಶೀಟಿನದು. ದೃಶ್ಯ ಶುರುವಾಗಿ ಎರಡು ನಿಮಿಷವಾಗುವಷ್ಟರಲ್ಲಿ ಮಳೆ ಹಿಡಿದು, ಸ್ಪೀಕರಿನ ಸದ್ದನ್ನು ಪೂರ್ತಿ ಏರಿಸಿದರೂ ಶೀಟಿನ ಮೇಲಿನ ಅಬ್ಬರವನ್ನುಳಿದು ಬೇರೇನೂ ಕೇಳಿಸದಂತಾಯಿತು. ನಿಲ್ಲಿಸೋಣವೆಂದು ನಾನು ಎದ್ದಾಗ ಹಿಂದಿನ ಬೆಂಚಿನಿಂದ “ಇರಲಿ ಮೇಡಂ, ಹಂಗೇ ನೋಡೋಣ” ಎಂಬ ಮಾತು ಬಂತು. ಮಾತುಗಳು ಹೇಗೂ ಅವರಿಗೆ ಬಾಯಿಗೆ ಬಂದಿದ್ದವು. ಹೀಗೆ ನಾವು ಆ ದೃಶ್ಯವನ್ನು ಮೂಕಚಿತ್ರದಂತೆ ನೋಡಿದೆವು. ಆ ದಿನ ತರಗತಿ ನಕ್ಕಿತು.

ಈ ಯಶಸ್ಸಿನಲ್ಲಿ ನನ್ನ ಪಾಲು ಏನೂ ಇಲ್ಲವೆಂಬುದನ್ನು ಒಪ್ಪಿಕೊಳ್ಳಬೇಕು. ಕೀರ್ತಿಯೆಲ್ಲ ಮಲೆನಾಡಿನ ಮಳೆಗೆ ಸಲ್ಲತಕ್ಕದ್ದು. ಆದರೆ ಅಂದಿನಿಂದ ಸದ್ದಿಲ್ಲದೆ ಒಮ್ಮೆ ನೋಡುವುದನ್ನು ಪಾಠದ ಕ್ರಮವಾಗಿಯೇ ಇಟ್ಟುಕೊಂಡೆ. ಮಾತಿನ ಹಂಗು ತಪ್ಪಿದೊಡನೆ ಕಣ್ಣು ಬೇರೆ ಕಡೆಗೆ ಹರಿಯತೊಡಗಿತು. ಗ್ಲೋಬಿನ ಚಿತ್ರೀಕರಣವನ್ನೂ ಚಲನಚಿತ್ರವನ್ನೂ ಹೀಗೆ ಒಂದಾದ ಮೇಲೊಂದು ನೋಡಿದಾಗ, ಎರಡರ ನಡುವಿನ ಮೂಲಭೂತ ವ್ಯತ್ಯಾಸವನ್ನು ಮೊದಲು ಗುರುತಿಸಿದವಳು ಬಾಳೆಹೊನ್ನೂರಿನ ಕಡೆಯ ವಿದ್ಯಾರ್ಥಿನಿ. ರಂಗದ ಮೇಲೆ ಓದುವವನೂ ಅವಿತವರೂ ಏಕಕಾಲಕ್ಕೆ ಎದುರಿಗಿರುತ್ತಾರೆ, ಯಾರನ್ನು ನೋಡಬೇಕೆಂಬುದು ನಮ್ಮ ಇಷ್ಟ. ಚಲನಚಿತ್ರದಲ್ಲಿ ಕ್ಯಾಮೆರಾ ಒಮ್ಮೆ ಅವನ ಮುಖವನ್ನೂ ಒಮ್ಮೆ ಇವರನ್ನೂ ಆರಿಸಿ ಕೊಡುತ್ತದೆ. ಮೊದಲನೆಯದರಲ್ಲಿ ನಾವು ಅವಿತವರ ಪಕ್ಷದವರು, ಅವರ ಜೊತೆಗೆ ಗಿಡದ ಹಿಂದೆ ಕುಳಿತವರು. ಎರಡನೆಯದರಲ್ಲಿ ಮುಖವೊಂದು ತೆರೆಯ ತುಂಬ ಬಂದೊಡನೆ, ಬೇಡವೆಂದರೂ ಆ ಮನುಷ್ಯನ ಮೇಲೆ ಸ್ವಲ್ಪ ಮರುಕ ಮೂಡುತ್ತದೆ.

ಹೆಣ್ಣುಪಾತ್ರಗಳನ್ನು ಗಂಡಸರು ಮಾಡಿರುವ ವಿಷಯಕ್ಕೆ ನಾನು ಒಂದು ಇಡೀ ತರಗತಿಯನ್ನು ಮೀಸಲಿಟ್ಟಿದ್ದೆ. ಷೇಕ್ಸ್‌ಪಿಯರನ ಕಾಲದಲ್ಲಿ ಇಂಗ್ಲೆಂಡಿನ ವೃತ್ತಿರಂಗಭೂಮಿಯಲ್ಲಿ ಹೆಂಗಸರು ನಟಿಸುತ್ತಿರಲಿಲ್ಲ, ವಯೋಲಾ ಎಂದರೆ ಹೆಣ್ಣುವೇಷದ ಹುಡುಗ ಮತ್ತೆ ಗಂಡುವೇಷ ಹಾಕಿದಂತೆ ಎಂದು ವಿವರಿಸತೊಡಗಿದಾಗ, ಸ್ತ್ರೀವೇಷ ನೋಡುತ್ತ ಬೆಳೆದ ಕೊಪ್ಪದ ಹುಡುಗರು ಇದರಲ್ಲಿ ವಿವರಿಸುವುದೇನಿದೆ ಎಂಬಂತೆ ನನ್ನನ್ನು ನೋಡಿದರು. ವಿಮರ್ಶೆಯ ಪುಸ್ತಕಗಳು ಅಧ್ಯಾಯಗಟ್ಟಲೆ ಬರೆಯುವ ಸಂಗತಿ ನಮ್ಮಲ್ಲಿ ಐದು ನಿಮಿಷಕ್ಕೆ ಮುಗಿಯಿತು; ಉಳಿದ ಸಮಯದಲ್ಲಿ ರೈಲನ್ಸ್ ಉದ್ದ ನಿಲುವಂಗಿಯೊಳಗೆ ಚಕ್ರದ ಮೇಲೆ ಜಾರಿದಂತೆ ಹೇಗೆ ನಡೆಯುತ್ತಾನೆ ಎಂಬುದನ್ನು ಇಬ್ಬರು ಕಾರಿಡಾರಿನಲ್ಲಿ ನಡೆದು ತೋರಿಸಿದರು.

ರೈಟರ್ ಮತ್ತು ಸರಪಳಿ

ಮಾಲ್ವೋಲಿಯೋನ ಹುದ್ದೆಯನ್ನು ನಾನು ‘ಪಾರುಪತ್ಯಗಾರ’ ಎಂದು ಹೇಳಿಕೊಟ್ಟಿದ್ದೆ. ಪದ ಸರಿಯಾದದ್ದೇ, ಆದರೆ ವಿದ್ಯಾರ್ಥಿಗಳಿಗೆ ಅದು ದೇವಸ್ಥಾನದ ವಾಸನೆಯ ಹಳೆಯ ಮಾತು. ಆಲ್ದೂರಿನ ಕಡೆಯ ಒಬ್ಬ ಹುಡುಗಿ ತನ್ನ ಕನ್ನಡ ಪ್ರತಿಯಲ್ಲಿ ಅದನ್ನು ಹೊಡೆದುಹಾಕಿ ‘ರೈಟರ್’ ಎಂದು ಬರೆದು ತಂದಿದ್ದಳು. ಕಾಫಿ ತೋಟದ ರೈಟರ್ ಎಂದರೆ ಚೆಕ್‌ರೋಲ್ ಬರೆಯುವವನು, ಆಳುಗಳ ಹಾಜರಿ ಹಿಡಿಯುವವನು, ಬಟವಾಡೆಯ ದಿನ ಲೆಕ್ಕ ಒಪ್ಪಿಸುವವನು. ಸಾಹುಕಾರರ ಮನೆಯ ಜಗಲಿಯವರೆಗೆ ಅವನಿಗೆ ಪ್ರವೇಶವುಂಟು, ಊಟದ ಮೇಜಿಗಿಲ್ಲ. ಆಳುಗಳು ವಾಸಿಸುವ ಲೈನ್ ಮನೆಗಳವರು ಅವನನ್ನು ತಮ್ಮವನೆಂದು ಎಣಿಸುವುದಿಲ್ಲ, ಬಂಗಲೆಯವರೂ ಎಣಿಸುವುದಿಲ್ಲ. ಆ ಹುಡುಗಿಯ ತಂದೆ ಅಂಥದೇ ಒಂದು ತೋಟದಲ್ಲಿ ರೈಟರ್ ಆಗಿದ್ದರೆಂಬುದು ನನಗೆ ಆಮೇಲೆ ತಿಳಿಯಿತು. ಕಡೂರಿನ ತೆಂಗಿನ ಸೀಮೆಯಿಂದ ಬಂದವರಿಗೆ ಇದು ಗೊತ್ತಿರಲಿಲ್ಲ. ತೋಟದ ಕಡೆಯವರು ಅವರಿಗೆ ವಿವರಿಸುತ್ತ ಹೋದ ಆ ಅರ್ಧ ಗಂಟೆಯಲ್ಲಿ ನಾಟಕದ ಮನೆಯೊಳಗಿನ ಮೇಲುಕೀಳುಗಳು ನನ್ನ ಯಾವ ಉಪನ್ಯಾಸದಲ್ಲಿಯೂ ಆಗದಷ್ಟು ಸ್ಪಷ್ಟವಾದವು. ರಜೆಗೆಂದು ಬಂದು ತಿಂಗಳಾದರೂ ಹೊರಡದೆ ಬಂಗಲೆಯಲ್ಲಿ ಕುಡಿದು ಕೂರುವ ಯಜಮಾನರ ಕಡೆಯ ನೆಂಟ, ಅವನನ್ನು ತಡೆಯಬೇಕಾದ ಸಂಬಳದ ಮನುಷ್ಯ: ಟೋಬಿಯನ್ನೂ ಮಾಲ್ವೋಲಿಯೋನನ್ನೂ ಇದಕ್ಕಿಂತ ಹತ್ತಿರದಿಂದ ನೋಡುವುದು ಹೇಗೆ?

ಮಧ್ಯರಾತ್ರಿಯ ಗಲಾಟೆಯನ್ನು ನಿಲ್ಲಿಸಲು ಬಂದ ಮಾಲ್ವೋಲಿಯೋನಿಗೆ ಟೋಬಿ ಕೇಳುವ ಪ್ರಶ್ನೆಯನ್ನು ಆಗ ಮತ್ತೆ ಓದಿದೆವು: ನೀನೊಬ್ಬ ಪಾರುಪತ್ಯಗಾರನಲ್ಲದೆ ಮತ್ತೇನು? ಅದರ ಹಿಂದೆಯೇ, ಹೋಗು, ರೊಟ್ಟಿಯ ಪುಡಿಯಿಂದ ನಿನ್ನ ಸರಪಳಿ ಉಜ್ಜಿಕೋ ಎನ್ನುತ್ತಾನೆ. ದೊಡ್ಡ ಮನೆಗಳ ಪಾರುಪತ್ಯಗಾರ ಕೊರಳಲ್ಲಿ ಹುದ್ದೆಯ ಗುರುತಾಗಿ ಸರಪಳಿ ಧರಿಸುತ್ತಿದ್ದ. ನಮ್ಮಲ್ಲಿ ತಾಮ್ರಕ್ಕೆ ಹುಣಸೆಹಣ್ಣು ಹಚ್ಚುವ ಹಾಗೆ ಅದನ್ನು ಹೊಳಪಿಸಲು ರೊಟ್ಟಿಯ ಪುಡಿ ಬಳಸುತ್ತಿದ್ದರು. ಈ ಮಾತು ನೆನಪಿದ್ದರೆ ಮಾತ್ರ ಕಾಗದದ ದೃಶ್ಯದ ಒಂದು ಚಿಕ್ಕ ತೊದಲು ಅರ್ಥವಾಗುತ್ತದೆ. ಕೌಂಟ್ ಆದ ಮೇಲೆ ಟೋಬಿಯನ್ನು ಕರೆಸಿ, ಅವನು ಬರುವವರೆಗೆ ಹುಬ್ಬು ಗಂಟಿಕ್ಕಿ ಕೂತು, ಗಡಿಯಾರಕ್ಕೆ ಕೀಲಿ ಕೊಡುತ್ತಲೋ ‘ನನ್ನ...’ ಎಂದು ತಡೆದು ‘ಯಾವುದೋ ಬೆಲೆಬಾಳುವ ಒಡವೆಯ ಜೊತೆ’ ಆಡುತ್ತಲೋ ಇರುತ್ತೇನೆ ಎನ್ನುತ್ತಾನೆ. ಈಗಿನ ಮುದ್ರಣಗಳು ಆ ತಡೆಯನ್ನು ಒಂದು ಗೆರೆಯಿಂದ ತೋರಿಸುತ್ತವೆ. ಅಭ್ಯಾಸಬಲದಿಂದ ಅವನ ಕೈ ಕೊರಳಿನ ಸರಪಳಿಗೆ ಹೋಗುತ್ತದೆ, ಕೌಂಟ್ ಆದವನ ಕೊರಳಲ್ಲಿ ಆಳಿನ ಸರಪಳಿ ಇರುವುದಿಲ್ಲವಲ್ಲ ಎಂಬುದು ಆ ಕ್ಷಣಕ್ಕೆ ಹೊಳೆಯುತ್ತದೆ, ಮಾತು ಬದಲಾಗುತ್ತದೆ. ಬಹಳ ಮಂದಿ ವ್ಯಾಖ್ಯಾನಕಾರರು ಈ ಸಾಲನ್ನು ಹೀಗೆಯೇ ಓದುತ್ತಾರೆ, ಆದರೆ ಪುಟದ ಮೇಲೆ ಇರುವುದು ಒಂದು ಗೆರೆ ಮಾತ್ರ; ಕೈಯನ್ನು ನಟನೇ ತರಬೇಕು.

ಆ ಗೆರೆಯನ್ನು ಅಭಿನಯಿಸಿ ಮೊಬೈಲಿನಲ್ಲಿ ಚಿತ್ರೀಕರಿಸಿ ತರುವಂತೆ ಮೂರು ಗುಂಪುಗಳಿಗೆ ಹೇಳಿದೆ. ಒಂದು ಗುಂಪು ಚಿನ್ನದ ಬಣ್ಣದ ದಪ್ಪ ಸರವನ್ನೇ ತಂದಿತು. ಅದು ಫ್ಯಾನ್ಸಿ ಡ್ರೆಸ್ ಸ್ಪರ್ಧೆಯಂತೆ ಕಂಡಿತು. ಇನ್ನೊಂದು ಗುಂಪು ಗ್ಲೋಬಿನ ನಟನನ್ನು ಇದ್ದ ಹಾಗೆಯೇ ಅನುಕರಿಸಿತು. ವೀಡಿಯೊ ಮೂಲಕ ನಾಟಕ ಕಲಿಸುವವರು ಎದುರಿಸಲೇಬೇಕಾದ ತೊಡಕು ಇದು: ಒಂದೇ ಪ್ರದರ್ಶನವನ್ನು ಪದೇ ಪದೇ ತೋರಿಸಿದರೆ ಆ ನಟನ ಆಯ್ಕೆಗಳೇ ನಾಟಕಕಾರ ಬರೆದ ಮಾತುಗಳೆಂಬಂತೆ ವಿದ್ಯಾರ್ಥಿಗಳ ಮನಸ್ಸಿನಲ್ಲಿ ಕೂರುತ್ತವೆ, ಉತ್ತರಪತ್ರಿಕೆಯಲ್ಲಿ ‘ಮಾಲ್ವೋಲಿಯೋ ಎತ್ತರದ ಗಂಭೀರ ವ್ಯಕ್ತಿ’ ಎಂದು ಬರೆದವರೂ ಇದ್ದರು, ಅದು ಸ್ಟೀಫನ್ ಫ್ರೈ ಎತ್ತರ. ಮೂರನೆಯ ಗುಂಪಿನ ಮಾಲ್ವೋಲಿಯೋ ಆಲ್ದೂರಿನ ಹುಡುಗಿಯೇ. ಅವಳ ಕೊರಳಲ್ಲಿ ಇದ್ದುದು ಕಾಲೇಜಿನ ಐಡಿ ಕಾರ್ಡು. ‘ನನ್ನ...’ ಎನ್ನುವಾಗ ಹೆಬ್ಬೆರಳು ಆ ಕಾರ್ಡಿನ ಅಂಚನ್ನು ಸವರುತ್ತಿತ್ತು. ತಟ್ಟನೆ ಬೆರಳು ಬಿಸಿ ತಾಗಿದಂತೆ ಹಿಂದೆ ಸರಿದು, ಕಾರ್ಡನ್ನು ಶರಟಿನ ಜೇಬಿಗೆ ತುರುಕಿ, ಗಾಳಿಯಲ್ಲಿ ಇಲ್ಲದ ಒಡವೆಯೊಂದನ್ನು ತಿರುಗಿಸತೊಡಗಿತು. ಆರು ಸೆಕೆಂಡಿನ ಈ ತುಣುಕನ್ನು ತರಗತಿ ನಾಲ್ಕು ಸಲ ಹಾಕಿಸಿಕೊಂಡು ನೋಡಿತು. ನಗು ಪ್ರತಿ ಸಲವೂ ಬೆರಳು ಹಿಂದೆ ಸರಿಯುವಲ್ಲಿಯೇ ಬಂತು.

ನಗು ನಿಂತ ಜಾಗ

ಕಾಗದದ ಮಾತನ್ನು ನಂಬಿ ಹಳದಿ ಕಾಲುಚೀಲ ತೊಟ್ಟು ನಗುತ್ತ ಯಜಮಾನಿಯ ಮುಂದೆ ಬಂದವನನ್ನು ಹುಚ್ಚನೆಂದು ಕತ್ತಲೆ ಕೋಣೆಯಲ್ಲಿ ಕೂಡಿಹಾಕುತ್ತಾರೆ. ವಿದೂಷಕ ಫೆಸ್ಟೆ ಪಾದ್ರಿಯ ದನಿಯಲ್ಲಿ ಮಾತನಾಡಿ, ಕೋಣೆಯಲ್ಲಿ ಬೆಳಕಿದೆ ಎಂದು ಅವನಿಗೆ ಹೇಳುತ್ತಾನೆ. ಇಲ್ಲಿಗೆ ಬರುವ ಹೊತ್ತಿಗೆ ತರಗತಿ ಇಬ್ಭಾಗವಾಗಿತ್ತು. ಇದು ಬರೀ ತಮಾಷೆ, ನಾಟಕದ ಹಳೆಯ ಪ್ರೇಕ್ಷಕರು ನಕ್ಕಿರಲೇಬೇಕು ಎಂದು ಕೆಲವರು ವಾದಿಸಿದರು. ಅವರ ವಾದಕ್ಕೆ ಆಧಾರವೂ ಇದೆ. ನಾಟಕದ ಮೊದಲ ದಾಖಲಿತ ಪ್ರದರ್ಶನ ನಡೆದದ್ದು 1602ರ ಫೆಬ್ರವರಿ 2ರಂದು, ಲಂಡನ್ನಿನ ಮಿಡಲ್ ಟೆಂಪಲ್ ಸಭಾಂಗಣದಲ್ಲಿ; ಅದನ್ನು ನೋಡಿದ ಕಾನೂನು ವಿದ್ಯಾರ್ಥಿ ಜಾನ್ ಮ್ಯಾನಿಂಗ್‌ಹ್ಯಾಮ್ ತನ್ನ ದಿನಚರಿಯಲ್ಲಿ ಮೆಚ್ಚಿ ಬರೆದದ್ದು ವಯೋಲಾ ಮತ್ತು ಅವಳ ಅವಳಿ ಸೋದರನ ಕಥೆಯನ್ನಲ್ಲ, ಪಾರುಪತ್ಯಗಾರನನ್ನು ಬೇಸ್ತು ಬೀಳಿಸಿದ ಉಪಾಯವನ್ನು. ಒಲಿವಿಯಾಳನ್ನು ಅವನು ವಿಧವೆಯೆಂದು ತಪ್ಪಾಗಿ ತಿಳಿದಿದ್ದ ಎಂದಾಗ, ನೋಡುವಾಗ ತಪ್ಪು ಮಾಡಿದವರು ತಾವು ಮಾತ್ರವಲ್ಲ ಎಂದು ಹುಡುಗರಿಗೆ ಸಮಾಧಾನವಾಯಿತು. ಮುಂದೆ ಒಂದನೆಯ ಚಾರ್ಲ್ಸ್ ದೊರೆ ತನ್ನ ಪ್ರತಿಯಲ್ಲಿ ಈ ನಾಟಕದ ಹೆಸರಿನ ಪಕ್ಕ ‘ಮಾಲ್ವೋಲಿಯೋ’ ಎಂದೇ ಬರೆದುಕೊಂಡಿದ್ದ.

ಇನ್ನುಳಿದವರು ಕತ್ತಲೆ ಕೋಣೆಯ ದೃಶ್ಯಕ್ಕೆ ನಗಲಾರೆವೆಂದರು. 2017ರಲ್ಲಿ ಲಂಡನ್ನಿನ ನ್ಯಾಷನಲ್ ಥಿಯೇಟರ್ ಈ ಪಾತ್ರವನ್ನು ಹೆಣ್ಣಾಗಿಸಿ ‘ಮಾಲ್ವೋಲಿಯಾ’ ಎಂದು ಕರೆದುದನ್ನು, ಟ್ಯಾಮ್ಸಿನ್ ಗ್ರೆಗ್ ಅದನ್ನು ಅಭಿನಯಿಸಿದುದನ್ನು ನಾನು ಆಗ ಹೇಳಿದೆ. 2020ರ ಏಪ್ರಿಲ್‌ನಲ್ಲಿ, ಲಾಕ್‌ಡೌನ್ ಕಾಲದಲ್ಲಿ, ಆ ಪ್ರದರ್ಶನ ಒಂದು ವಾರ ಯೂಟ್ಯೂಬಿನಲ್ಲಿ ಉಚಿತವಾಗಿ ಲಭ್ಯವಿದ್ದಾಗ ನಾನು ನೋಡಿದ್ದೆ; ತರಗತಿಗೆ ತೋರಿಸಲು ಪ್ರತಿ ಇರಲಿಲ್ಲ. ತೋರಿಸದಿದ್ದುದೇ ಒಳ್ಳೆಯದಾಯಿತೇನೋ. ಯಜಮಾನಿಯನ್ನು ಪ್ರೀತಿಸುವ ಆಳು ಹೆಣ್ಣಾದರೆ ಯಾವ ಸಾಲಿನ ನಗು ಉಳಿಯುತ್ತದೆ, ಯಾವುದು ಉಳಿಯುವುದಿಲ್ಲ ಎಂದು ಅವರು ಪುಸ್ತಕ ತೆರೆದು ಸಾಲುಸಾಲಾಗಿ ಹುಡುಕಿದರು. ವೀಡಿಯೊ ಕೈಗೆ ಸಿಕ್ಕಿದ್ದರೆ ಆ ಹುಡುಕಾಟ ನಡೆಯುತ್ತಿರಲಿಲ್ಲ.

ಈ ಎಲ್ಲದಕ್ಕೆ ತೆತ್ತ ಬೆಲೆಯನ್ನೂ ಹೇಳಬೇಕು. ಎಂಟು ತರಗತಿಗಳಲ್ಲಿ ಮುಗಿಸಬೇಕಾದ ನಾಟಕ ಹದಿನಾಲ್ಕನ್ನು ನುಂಗಿತು. ವಯೋಲಾಳಿಗೆ ಅನ್ಯಾಯವಾಯಿತು, ಓರ್ಸಿನೋ-ವಯೋಲಾ ದೃಶ್ಯಗಳನ್ನು ಕೊನೆಯ ವಾರದಲ್ಲಿ ಓಡಿಸಿದೆನೆಂದು ತರೀಕೆರೆಯ ವಿದ್ಯಾರ್ಥಿಯೊಬ್ಬ ದೂರಿದ, ಅವನ ದೂರು ನ್ಯಾಯವಾದದ್ದು. ಮಳೆಗೆ ಬಸ್ಸು ತಪ್ಪಿಸಿಕೊಂಡವರಿಗೆ ವೀಡಿಯೊದ ಚರ್ಚೆಯನ್ನು ಇನ್ನೊಮ್ಮೆ ಕಟ್ಟಿಕೊಡಲು ನನ್ನಿಂದ ಆಗಲಿಲ್ಲ.

ಕೊನೆಯ ದೃಶ್ಯವನ್ನು ತರಗತಿಯಲ್ಲಿಯೇ ಬೆಂಚುಗಳನ್ನು ಸರಿಸಿ ಆಡಿದೆವು. ನಿಮ್ಮ ಇಡೀ ಗುಂಪಿನ ಮೇಲೆ ಸೇಡು ತೀರಿಸಿಕೊಳ್ಳುತ್ತೇನೆ ಎಂದು ಹೇಳಿ ಮಾಲ್ವೋಲಿಯೋ ಹೊರಡುತ್ತಾನೆ. ಆಲ್ದೂರಿನ ಹುಡುಗಿ ಆ ಮಾತನ್ನು ಕೂಗದೆ, ಲೆಕ್ಕ ಒಪ್ಪಿಸುವವಳಂತೆ ಹೇಳಿ, ಐಡಿ ಕಾರ್ಡನ್ನು ತೆಗೆದು ಒಲಿವಿಯಾಳ ಮುಂದಿನ ಬೆಂಚಿನ ಮೇಲಿಟ್ಟು ಬಾಗಿಲ ಕಡೆ ನಡೆದಳು. ಅವನ ಹಿಂದೆ ಹೋಗಿ ಸಮಾಧಾನ ಮಾಡಿ ಎನ್ನುವ ಸಾಲು ಓರ್ಸಿನೋನದು, ಆದರೆ ಯಾರು ಹೋಗಬೇಕೆಂದು ಆ ಸಾಲು ಹೇಳುವುದಿಲ್ಲ. ರಂಗದ ಮೇಲಿದ್ದ ಏಳು ಮಂದಿಯೂ ಒಬ್ಬರ ಮುಖ ಒಬ್ಬರು ನೋಡುತ್ತ ನಿಂತರು. ಹೋಗದಿದ್ದರೆ ನಡೆಯುವಂತಿಲ್ಲ: ವಯೋಲಾಳ ಹೆಣ್ಣುಡುಗೆ ಇರುವುದು ಅವಳನ್ನು ಕಾಪಾಡಿದ ಹಡಗಿನ ಕಪ್ತಾನನ ಬಳಿ, ಆ ಕಪ್ತಾನ ಸೆರೆಯಲ್ಲಿರುವುದು ಮಾಲ್ವೋಲಿಯೋ ಹೂಡಿದ ದಾವೆಯಿಂದ. ಅವನು ಮನಸ್ಸು ಮಾಡುವವರೆಗೆ ಅವಳು ಗಂಡುಡುಗೆಯಲ್ಲಿಯೇ ಇರಬೇಕು, ಈಗ ಅವಳನ್ನೇ ವರಿಸಹೊರಟ ಓರ್ಸಿನೋ ಕಾಯಬೇಕು.

“ರೈಟರ್ ಬಿಟ್ ಹೋದ್ರೆ ಬಟವಾಡೆ ನಿಲ್ಲುತ್ತೆ ಮೇಡಂ” ಎಂದಳು ಅವಳು, ಬಾಗಿಲಿನಲ್ಲಿಯೇ ನಿಂತು. “ಸಾಹುಕಾರ್ರೇ ಜೀಪ್ ತಗೊಂಡ್ ಮನೆ ಹತ್ರ ಬರ್ತಾರೆ.”

ಒಲಿವಿಯಾಳ ಪಾತ್ರದ ಹುಡುಗ ಬೆಂಚಿನ ಮೇಲಿದ್ದ ಐಡಿ ಕಾರ್ಡನ್ನು ಎತ್ತಿಕೊಂಡು ಅವಳ ಕಡೆಗೆ ಹೊರಟ.